ಹಗಲು ಬೀಗ, ಇರುಳು ದೀಪ



ನಾವು ಆರು ವರ್ಷಗಳಿಂದ ಬೀದರ ನಗರದ ಹೊಸ ಬಡಾವಣೆಯೊಂದರಲ್ಲಿ ಮಗನ ಮನೆಯಲ್ಲಿ ವಾಸವಾಗಿದ್ದೇವೆ. ಬೀದಿಯ ಎರಡೂ ಬದಿಗೆ ಎರಡಂತಸ್ತಿನ ಮನೆಗಳು. ಅಂಗಳದಲ್ಲಿ ಕಾರು, ಬಾಗಿಲ ಮೇಲೆ ಅಣ್ಣ ಬಸವಣ್ಣನವರ ಭಾವಚಿತ್ರ, ಗೋಡೆಯ ಕಲ್ಲಿನಲ್ಲಿ ‘ಬಸವ ನಿಲಯ’, ‘ಗುರುಕೃಪೆ’, ‘ಮಾತೃಛಾಯೆ’ ಎಂಬ ಹೆಸರುಗಳು. ನಮ್ಮ ಬಾಲ್ಯದಲ್ಲಿ ಇಡೀ ತಾಲ್ಲೂಕಿನಲ್ಲಿ ಹುಡುಕಿದರೂ ಕಾಣದಿದ್ದ ಸೌಕರ್ಯ ಇಂದು ಒಂದೇ ಬೀದಿಯಲ್ಲಿದೆ. ಮಕ್ಕಳು ಓದಿ, ದುಡಿದು ಗಳಿಸಿದ ಸೌಕರ್ಯ ಇದು. ಇದನ್ನು ಹಳಿಯುವುದಕ್ಕಾಗಿ ನಾವು ಲೇಖನಿ ಹಿಡಿದಿಲ್ಲ.

ಆದರೆ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಈ ಬೀದಿಯಲ್ಲಿ ನಿಂತು ನೋಡಬೇಕು. ಒಂದೊಂದೇ ಗೇಟು ತೆರೆಯುತ್ತದೆ, ಕಾರು ಹೊರಬರುತ್ತದೆ, ಮತ್ತೆ ಗೇಟು ಮುಚ್ಚುತ್ತದೆ. ಒಬ್ಬರು ಭಾಲ್ಕಿಯ ಕಡೆಗೆ, ಇನ್ನೊಬ್ಬರು ಔರಾದಿನ ಕಡೆಗೆ. ಮಕ್ಕಳನ್ನು ಶಾಲೆಯ ವಾಹನ ಒಯ್ಯುತ್ತದೆ. ಒಂಬತ್ತು ಹೊಡೆದ ಮೇಲೆ ಬೀದಿಯಲ್ಲಿ ಉಳಿಯುವುದು ಬೀಗಗಳು, ಮತ್ತು ನಮ್ಮಂತಹ ನಾಲ್ಕಾರು ಮುದುಕರು. ಸಂಜೆ ಏಳರ ಹೊತ್ತಿಗೆ ಮನೆಮನೆಗಳಲ್ಲಿ ದೀಪ ಹತ್ತುತ್ತದೆ. ಬಂದವರು ದಣಿದಿರುತ್ತಾರೆ, ಉಂಡು ಮಲಗುತ್ತಾರೆ.

ಬೀದರಿನಿಂದ ಭಾಲ್ಕಿಗೂ ಔರಾದಿಗೂ ಹೆಚ್ಚುಕಡಿಮೆ 40 ಕಿಲೋಮೀಟರುಗಳ ಹಾದಿ. ಭಾಲ್ಕಿಗೆ ಹಲಬರ್ಗಾದ ಮೇಲೆ ಹೋಗುವ ರೈಲಾದರೂ ಉಂಟು. ಔರಾದ ಪಟ್ಟಣಕ್ಕೆ ರೈಲಿಲ್ಲ. ಮಾಂಜ್ರಾ ನದಿಯನ್ನು ದಾಟಿ, ಸಂತಪುರದ ಮೇಲೆ ರಸ್ತೆಯಲ್ಲಿಯೇ ಹೋಗಬೇಕು. ನಿತ್ಯ ಹೋಗಿಬರುವವನಿಗೆ 80 ಕಿಲೋಮೀಟರು. ಬಸ್ಸು, ಕ್ರೂಸರ್, ಇಲ್ಲವೆ ನಾಲ್ವರು ಸೇರಿ ಒಂದು ಕಾರು. ಹೀಗೆ ಓಡಾಡುವವರಲ್ಲಿ ಶಿಕ್ಷಕರು, ಉಪನ್ಯಾಸಕರು, ವೈದ್ಯರು, ಬ್ಯಾಂಕಿನವರು, ಕಚೇರಿಯವರು ಎಲ್ಲರೂ ಇದ್ದಾರೆ. ನಮ್ಮ ಮಗನದು ಔರಾದಿನಲ್ಲಿ ಕಚೇರಿ, ಸೊಸೆಯದು ಭಾಲ್ಕಿಯಲ್ಲಿ ಕಾಲೇಜು. ಒಂದೇ ಒಲೆಯ ರೊಟ್ಟಿ ಎರಡು ಡಬ್ಬಿಗಳಲ್ಲಿ ಎರಡು ದಿಕ್ಕಿಗೆ ಹೋಗುತ್ತದೆ.

ದುಡಿಯುವ ಊರಿನಲ್ಲಿಯೇ ಇರಬಾರದೇಕೆ ಎಂದು ಕೇಳಿದರೆ, ಅವರು ಹೇಳುವ ಕಾರಣಗಳು ಸುಳ್ಳಲ್ಲ. ಬೀದರಿನಲ್ಲಿ ಒಳ್ಳೆಯ ಶಾಲೆಗಳಿವೆ, ಪದವಿಪೂರ್ವ ಕಾಲೇಜುಗಳಿವೆ, ವೈದ್ಯಕೀಯ ಕಾಲೇಜಿದೆ, ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. 2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು, ನಮ್ಮ ಭಾಗದ ಮಕ್ಕಳಿಗೆ ನೌಕರಿಯಲ್ಲಿಯೂ ಕಾಲೇಜು ಪ್ರವೇಶದಲ್ಲಿಯೂ ಮೀಸಲಾತಿ ದೊರೆಯಿತು. 2017ರಲ್ಲಿ ಕಲಬುರಗಿಗೆ ನೇರ ರೈಲು ಮಾರ್ಗ ಆಯಿತು. 2020ರಲ್ಲಿ ವಿಮಾನವೂ ಬಂದಿತು. ಸಂಬಳ ಕೈಗೆ ಬಂದವನು ಪ್ಲಾಟು ಕೊಂಡು ಬೀದರಿನಲ್ಲಿ ಮನೆ ಕಟ್ಟಿಸಿದನು. ಮಗಳು ಡಾಕ್ಟರಾಗಬೇಕೆಂದು ಬಯಸುವ ತಂದೆಯನ್ನು ತಪ್ಪಿತಸ್ಥನೆನ್ನಲು ಯಾರಿಗೆ ಬಾಯಿ ಬಂದೀತು?

ಆದರೂ ಎರಡು ವರ್ಷಗಳ ಹಿಂದೆ ನಡೆದ ಒಂದು ಸಂಗತಿ ನಮ್ಮ ನಿದ್ದೆ ಕೆಡಿಸಿತು. ನಮ್ಮ ಎದುರು ಮನೆಯಲ್ಲಿ ಎಪ್ಪತ್ತೈದು ದಾಟಿದ ತಾಯಿಯೊಬ್ಬರಿದ್ದರು. ಬೀದಿಯ ಮಕ್ಕಳೆಲ್ಲ ಅವರನ್ನು ಆಯಿ ಎಂದೇ ಕರೆಯುತ್ತಿದ್ದರು. ಮೂಲತಃ ಔರಾದ ತಾಲ್ಲೂಕಿನವರು. ಮಗ ಸೊಸೆ ಇಬ್ಬರೂ ನೌಕರಿಯವರು. ಒಂದು ದಿನ ಹನ್ನೊಂದರ ಸುಮಾರಿಗೆ ಬಚ್ಚಲಲ್ಲಿ ಕಾಲು ಜಾರಿ ಬಿದ್ದರು. ಎಷ್ಟು ಹೊತ್ತು ಕೂಗಿದರೋ ತಿಳಿಯದು. ನಾವು ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಓದುತ್ತ ಕುಳಿತಿದ್ದೆವು; ನಮಗೆ ಕೇಳಿಸಲಿಲ್ಲ. ಕೇಳಿಸಿಕೊಂಡವಳು ಪಕ್ಕದ ಮನೆಗೆ ಪಾತ್ರೆ ತೊಳೆಯಲು ಬಂದಿದ್ದ ಹೆಣ್ಣುಮಗಳು. “ಮುತ್ಯಾ, ಆಯಿ ಬಿದ್ದಾರ್ರಿ, ಜಲ್ದಿ ಬರ್ರಿ” ಎಂದು ನಮ್ಮ ಗೇಟು ಬಡಿದಳು. ಎದುರು ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ. ಇನ್ನೊಂದು ಬೀಗದ ಕೈ ಮಗನ ಬಳಿ, ಮಗ ಔರಾದಿನಲ್ಲಿ. ಕೊನೆಗೆ ಟಂಟಂನಲ್ಲಿ ಕಾಯಿಪಲ್ಯ ಮಾರಲು ಬಂದಿದ್ದ ಹುಡುಗ ಕಂಪೌಂಡು ಹಾರಿ, ಹಿಂಬಾಗಿಲು ಮುರಿದು, ಅದೇ ಟಂಟಂನಲ್ಲಿ ಆಯಿಯನ್ನು ಆಸ್ಪತ್ರೆಗೆ ಸೇರಿಸಿದನು. ಅವರ ಸೊಂಟದ ಮೂಳೆ ಮುರಿದಿತ್ತು.

ಮಗ ಬಂದು ತಲುಪಿದಾಗ ಒಂದು ಗಂಟೆಗೂ ಮೀರಿತ್ತು. ಹಣಕ್ಕೆ ಕೊರತೆಯಿರಲಿಲ್ಲ, ಶಸ್ತ್ರಚಿಕಿತ್ಸೆಯೂ ಆಯಿತು. ಗೇಟಿನ ಕ್ಯಾಮೆರಾದಲ್ಲಿ ಅಂದಿನ ಎಲ್ಲವೂ ಮೂಡಿತ್ತು, ಕಂಪೌಂಡು ಹಾರಿದ ಹುಡುಗನೂ ಸೇರಿ. ಆ ಹುಡುಗನ ಹೆಸರು ಮಾತ್ರ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂರು ವರ್ಷಗಳಿಂದ ಅವನ ಕೈಯಿಂದ ಮೆಂತ್ಯದ ಸೊಪ್ಪು ಕೊಂಡಿದ್ದ ನಮಗೂ ಗೊತ್ತಿರಲಿಲ್ಲ.

ಆಯಿ ಚೇತರಿಸಿಕೊಂಡ ಮೇಲೆ ಒಂದೇ ಮಾತು ಹಿಡಿದರು: “ನನ್ನ ಊರಿಗಿ ಕಳಸ್ರಿ. ಅಲ್ಲಿ ಬಿದ್ದರ ಎತ್ತೋರು ಇದ್ದಾರ.” ಮಗ ಬೇಡಿಕೊಂಡರೂ ಕೇಳಲಿಲ್ಲ. ಈಗ ಅವರು ಹಳ್ಳಿಯ ಹಳೆಯ ಮಣ್ಣಿನ ಮನೆಯಲ್ಲಿದ್ದಾರೆ. ಕಳೆದ ಮಳೆಗಾಲದಲ್ಲಿ ಅವರಿಗೆ ರಾತ್ರಿ ಜ್ವರ ಏರಿತು. ಎತ್ತುವವರು ಇದ್ದರು, ಹತ್ತಿರದ ಆಸ್ಪತ್ರೆಯಲ್ಲಿ ವೈದ್ಯರಿರಲಿಲ್ಲ. ಆ ವೈದ್ಯರೂ ಸಂಜೆ ಬೀದರಿಗೆ ಮರಳುವವರೇ. ನಮ್ಮಂತಹದೇ ಒಂದು ಬಡಾವಣೆಯ ನಿವಾಸಿ. ಬೆಳಗಾಗುವವರೆಗೆ ಒದ್ದೆ ಬಟ್ಟೆಯೇ ಔಷಧಿಯಾಯಿತು.

ಇದನ್ನು ಕೇಳಿದ ಮೇಲೆ ನಮಗೆ ಲೆಕ್ಕ ತಿಳಿಯಿತು. ಇಲ್ಲಿ ಹಗಲು ಯಾರೂ ಇಲ್ಲ, ಅಲ್ಲಿ ಇರುಳು ಯಾರೂ ಇಲ್ಲ. ಓದಿದವರು, ಬಲ್ಲವರು, ಅಧಿಕಾರವುಳ್ಳವರು ಎರಡು ಊರುಗಳ ನಡುವಿನ ರಸ್ತೆಯ ಮೇಲಿದ್ದಾರೆ. ನೌಕರರು ಕೇಂದ್ರಸ್ಥಾನದಲ್ಲಿಯೇ ವಾಸಿಸಬೇಕೆಂಬ ಸರ್ಕಾರದ ಸೂಚನೆ ಆಗಾಗ ಹೊರಡುತ್ತದೆ. ಸ್ವಲ್ಪ ದಿನ ಗದ್ದಲವಾಗಿ ತಣ್ಣಗಾಗುತ್ತದೆ. ಮನಸ್ಸು ಒಪ್ಪದ ಕೆಲಸವನ್ನು ಆದೇಶ ಮಾಡಿಸಲಾರದು.

ನಾವು ಮಠದ ಅನ್ನ ಉಂಡು ಅಕ್ಷರ ಕಲಿತವರು. ಈ ಸೀಮೆಯಲ್ಲಿ ನೆಲೆ ನಿಂತು ದುಡಿದವರ ಫಲ ಏನೆಂಬುದನ್ನು ಕಣ್ಣಾರೆ ಕಂಡಿದ್ದೇವೆ. ಬೀದರ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಭಾಲ್ಕಿಯಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಭಾಗದ ಹಿರಿಯರೆಲ್ಲ ಬಲ್ಲರು. 1999ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ಈ ನೆಲವನ್ನೇ ತಮ್ಮ ನೆಲೆಯಾಗಿ ಮಾಡಿಕೊಂಡರು. ಅಂದು ಹಳ್ಳಿಯ ಮಾಸ್ತರರೂ ಹಾಗೆಯೇ. ಶಾಲೆ ಬಿಟ್ಟ ಮೇಲೆ ಕಟ್ಟೆಯ ಮೇಲೆ ಕುಳಿತು ಕಾಗದ ಓದಿ ಹೇಳುತ್ತಿದ್ದರು, ಅರ್ಜಿ ಬರೆದುಕೊಡುತ್ತಿದ್ದರು, ಜಗಳ ಬಿಡಿಸುತ್ತಿದ್ದರು, ರಾತ್ರಿ ಗುಡಿಯಲ್ಲಿ ಪುರಾಣ ಹೇಳುತ್ತಿದ್ದರು. ಸಂಬಳ ಬರುತ್ತಿದ್ದುದು ಪಾಠಕ್ಕೆ ಮಾತ್ರ. ಊರು ನೆನೆಯುವುದು ಉಳಿದುದನ್ನು. ಐದರ ಬಸ್ಸು ಹಿಡಿಯುವ ಮಾಸ್ತರರು ಪಾಠವನ್ನು ಎಷ್ಟೇ ಚೆನ್ನಾಗಿ ಹೇಳಲಿ, ಆ ಉಳಿದುದನ್ನು ಕೊಡಲು ಅವರಿಗೆ ಹೊತ್ತಿಲ್ಲ.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆ ನೆನಪಾಗುತ್ತದೆ. ನಮ್ಮ ಜಿಲ್ಲೆಯದೇ ಆದ ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸಿದ ದಂಪತಿಗಳು ಅವರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಮರಳಿ ಕಳುಹಿಸಿದರು. ನಾವು ಇದನ್ನು ಹಣದ ಆಸೆಯ ಮೇಲಿನ ಪಾಠವೆಂದು ಹೇಳುತ್ತ ಬಂದಿದ್ದೇವೆ. ಇದರಲ್ಲಿ ಇನ್ನೊಂದು ಮಾತೂ ಉಂಟೆಂದು ಈಗ ತೋರುತ್ತದೆ: ಎಲ್ಲಿಂದ ತಂದೆಯೋ ಅಲ್ಲಿಗೆ ನಿನ್ನ ಋಣವಿದೆ. ಔರಾದಿನಲ್ಲಿ ಗಳಿಸಿ ಬೀದರಿನಲ್ಲಿ ಉಣ್ಣುವವನು ಔರಾದಿನ ಅಂಗಳಕ್ಕೆ ಏನನ್ನು ಮರಳಿ ಸುರಿಯುತ್ತಾನೆ? ದಾಸೋಹವೆಂದರೆ ಅನ್ನವೊಂದೇ ಅಲ್ಲವಷ್ಟೆ, ಹೊತ್ತೂ ದಾಸೋಹವೇ.

ನಮ್ಮ ನಗರದ ನೌಬಾದಿನಲ್ಲಿ ಬಹಮನಿ ಅರಸರ ಕಾಲದ ಸುರಂಗ ಬಾವಿಯಿದೆ. ಕೆಂಗಲ್ಲನ್ನು ಕೊರೆದು ಮಾಡಿದ ಈ ಕಾಲುವೆ ಮೂರು ಕಿಲೋಮೀಟರಿನಷ್ಟು ನೆಲದೊಳಗೇ ಹರಿಯುತ್ತದೆ. ಅದರುದ್ದಕ್ಕೂ ಗಾಳಿಗಾಗಿ, ನೀರು ಸೇದುವುದಕ್ಕಾಗಿ ಬಾವಿಯಂತಹ ಕಂಡಿಗಳು. ಊರು ಬೆಳೆದಂತೆ ಕೆಲವು ಕಂಡಿಗಳು ಮಣ್ಣು, ಕಸದಿಂದ ಮುಚ್ಚಿಹೋದವು. ಇಂದು ಬಡಾವಣೆಯ ಪ್ರತಿ ಮನೆಗೂ ಅದರದೇ ಕೊಳವೆಬಾವಿ. ಬೇಸಿಗೆಯಲ್ಲಿ ಒಂದು ಬತ್ತಿದರೆ ಪಕ್ಕದ ಮನೆಯವರಿಗೆ ತಿಳಿಯುವುದೂ ಇಲ್ಲ, ಟ್ಯಾಂಕರು ಬಂದು ನಿಂತಾಗಲೇ ತಿಳಿಯುವುದು. ಐದು ನೂರು ವರ್ಷಗಳ ಹಿಂದೆ ಒಂದೇ ನೀರನ್ನು ಊರೆಲ್ಲ ಹಂಚಿಕೊಂಡು ಬದುಕಿದ ನೆಲದ ಮೇಲೆ ನಮ್ಮ ಬದುಕು ಹೀಗೆ ಸಾಗಿದೆ.

ಮಾತು ಹೇಳುವುದು ಸುಲಭ. ಆದುದರಿಂದ ನಾವು ಮಾಡಿದುದನ್ನೂ ಹೇಳುತ್ತೇವೆ. ಆಯಿ ಹೋದ ತಿಂಗಳಿನಿಂದ ಸೋಮವಾರ ಸಂಜೆ ಸರದಿಯಂತೆ ಒಂದೊಂದು ಮನೆಯಲ್ಲಿ ಪ್ರಾರ್ಥನೆಗೆ ಸೇರುವುದೆಂದು ಗೊತ್ತುಮಾಡಿದೆವು. ಇಪ್ಪತ್ತೆರಡು ಮನೆಗಳಲ್ಲಿ ಬಂದವು ಐದು. “ದಣಿದು ಬಂದಿರ್ತೀವ್ರಿ” ಎಂದರು, ಅದೂ ನಿಜವೇ. ಈಗ ಒಂಬತ್ತು ಮನೆಯವರು ಬರುತ್ತಾರೆ. ಪ್ರತಿ ಮನೆಯ ಇನ್ನೊಂದು ಬೀಗದ ಕೈ ಪಕ್ಕದ ಮನೆಯಲ್ಲಿರುತ್ತದೆ. ಹಗಲು ಒಬ್ಬರೇ ಇರುವ ಹಿರಿಯರ ಮನೆಯ ಬಾಗಿಲನ್ನು ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಯಾರಾದರೂ ತಟ್ಟುತ್ತಾರೆ. ಆ ಕೆಲಸ ಹೆಚ್ಚಾಗಿ ನಮ್ಮದೇ. ಪ್ರಸಾದದ ಪಂಕ್ತಿಯಲ್ಲಿ ಪಾತ್ರೆ ತೊಳೆಯುವ ಮಗಳೂ ಟಂಟಂನ ಹುಡುಗನೂ ನಮ್ಮ ಸಾಲಿನಲ್ಲಿಯೇ ಕೂಡುತ್ತಾರೆ. ಮೊದಲ ದಿನ ಒಂದಿಬ್ಬರು ಮುಖ ಸಿಂಡರಿಸಿದರು. ಆ ಹೊತ್ತು ನಾವು ಏನನ್ನೂ ಹೇಳದೆ ಅವರಿಬ್ಬರ ನಡುವೆ ಕುಳಿತೆವು.

ಮಗನೊಡನೆಯೂ ಮಾತಾಯಿತು, ಸ್ವಲ್ಪ ಕಟುವಾಗಿಯೇ. “ಎಲ್ಲಾ ನಾನೇ ಮಾಡ್ಲೇನಪ್ಪಾ? ಮಕ್ಕಳ ಮುಖ ನೋಡೋದೇ ರಾತ್ರಿ” ಎಂದನು. ನಮಗೆ ಉತ್ತರ ತೋಚಲಿಲ್ಲ. ಎರಡು ವಾರಗಳ ನಂತರ ತಾನಾಗಿಯೇ ಗುರುವಾರದಂದು ಕಚೇರಿ ಮುಗಿದ ಮೇಲೆ ಔರಾದಿನಲ್ಲಿ ಉಳಿದು, ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಲಾರಂಭಿಸಿದನು. ಅಂದು ಮನೆಗೆ ಬರುವುದು ಹತ್ತು ಗಂಟೆಗೆ. ಮೊಮ್ಮಗಳು ಕಾದು ಕಾದು ಮಲಗಿರುತ್ತಾಳೆ. ಒಂದನ್ನು ಕೊಟ್ಟರೆ ಇನ್ನೊಂದು ಕಡೆ ಕಡಿಮೆಯಾಗುತ್ತದೆ. ಇದನ್ನು ನಾವು ಮರೆಮಾಚುವುದಿಲ್ಲ. ಆ ಸಂಜೆ ಮೊಮ್ಮಗಳಿಗೆ ಕಥೆ ಹೇಳುವ ಕಾಯಕ ನಮ್ಮದಾಗಿದೆ.

ಎಳ್ಳು ಅಮಾವಾಸ್ಯೆಯ ದಿನ ನಮ್ಮ ಬಡಾವಣೆಯೆಲ್ಲ ಖಾಲಿಯಾಗುತ್ತದೆ. ಬುತ್ತಿ ಕಟ್ಟಿಕೊಂಡು ಎಲ್ಲರೂ ತಮ್ಮ ತಮ್ಮ ಹೊಲಗಳಿಗೆ ಹೊರಡುತ್ತಾರೆ. ಜೋಳದ ಬೆಳೆಯ ನಡುವೆ ಚರಗ ಚೆಲ್ಲಿ, ಭಜ್ಜಿ, ರೊಟ್ಟಿ, ಅಂಬಲಿ ಉಣ್ಣುತ್ತಾರೆ. ಹೊಲವಿಲ್ಲದವರನ್ನು ಹೊಲವುಳ್ಳವರು ಕರೆದೊಯ್ಯುತ್ತಾರೆ. ಹಾದಿಯಲ್ಲಿ ಹೋಗುವವರನ್ನೂ ಕೂಗಿ ಕರೆಯುತ್ತಾರೆ. ಕಳೆದ ಅಮಾವಾಸ್ಯೆಗೆ ನಾವು ನಾಲ್ಕು ಮನೆಯವರು ಸೇರಿ ಆಯಿಯ ಹೊಲಕ್ಕೆ ಹೋಗಿದ್ದೆವು. ಕೋಲೂರಿಕೊಂಡು ಬದುವಿನ ಮೇಲೆ ನಿಂತಿದ್ದ ಅವರು ಮೊದಲು ಕೇಳಿದ್ದು, “ಆ ಟಂಟಂನ ಹುಡುಗ ಯಾಕ ಬಂದಿಲ್ಲ?” ಎಂದು. ಅವನನ್ನು ಕರೆಯಲು ನಾವು ಮರೆತಿದ್ದೆವು.

ಬರುವ ಅಮಾವಾಸ್ಯೆಗೆ ಅವನು ನಮ್ಮೊಡನೆ ಬರುವನು. ಓದುಗ ಬಂಧುಗಳೂ ತಮ್ಮ ಬೀದಿಯಲ್ಲಿ ಹಗಲು ಬೀಗ ಬೀಳುವ ಮನೆಗಳೆಷ್ಟು, ಅವುಗಳೊಳಗೆ ಒಬ್ಬರೇ ಕುಳಿತಿರುವ ಹಿರಿಯರೆಷ್ಟು ಎಂಬುದನ್ನು ಒಮ್ಮೆ ಎಣಿಸಿ ನೋಡಬೇಕೆಂದು ಬೇಡಿಕೊಳ್ಳುತ್ತೇವೆ.