ತಿರುವಿನಲ್ಲಿ ಎಳೆಯೋದು ಯಾವ ಚಕ್ರ?

ನಮ್ಮಲ್ಲಿ ನಂಜನಗೂಡಿನವರದ್ದು ಹೋಂಡಾ ಇಂಟೆಗ್ರಾ ಟೈಪ್ ಆರ್ ಪಕ್ಷ, ತಿ. ನರಸೀಪುರದವರದ್ದು ಟೊಯೋಟಾ ಸೆಲಿಕಾ ಜಿಟಿ-ಎಸ್ ಪಕ್ಷ. ಎರಡೂ ಮುಂದಿನ ಚಕ್ರ ಎಳೆಯುವ 1.8 ಲೀಟರ್ ಕೂಪೆಗಳು. ಅಮೆರಿಕದ ಮಾಡೆಲ್‌ಗಳಲ್ಲಿ ಇಂಟೆಗ್ರಾ 195 ಎಚ್‌ಪಿ, ಸೆಲಿಕಾ 180. ನಾವು ಇವನ್ನ ನೋಡಿರೋದು ವಿಡಿಯೋದಲ್ಲಿ ಮಾತ್ರ, ಜಗಳಕ್ಕೆ ಅಷ್ಟು ಸಾಕು.

ಪವರ್ ಬಿಡಿ, ನಿಜವಾದ ವ್ಯತ್ಯಾಸ ಇರೋದು ತಿರುವಿನಲ್ಲಿ. ಜೋಡೆತ್ತಿನ ಗಾಡಿ ತಿರುಗುವಾಗ ಹೊರಗಿನ ಎತ್ತು ಹೆಚ್ಚು ದೂರ ನಡೆಯುತ್ತೆ. ಕಾರಿನ ಚಕ್ರಗಳಿಗೆ ಈ ಅನುಕೂಲ ಮಾಡಿಕೊಡೋದು ಡಿಫರೆನ್ಷಿಯಲ್. ಆದರೆ ವೇಗದಲ್ಲಿ ತಿರುಗಿದಾಗ ಭಾರ ಹೊರಚಕ್ರದ ಮೇಲೆ ಬಿದ್ದು ಒಳಚಕ್ರ ಹಗುರವಾಗುತ್ತೆ. ಸಾಮಾನ್ಯ ಡಿಫರೆನ್ಷಿಯಲ್ ಎರಡಕ್ಕೂ ಸಮ ಟಾರ್ಕ್ ಕೊಡೋದರಿಂದ, ಹಗುರವಾದ ಚಕ್ರ ತಡೆದುಕೊಳ್ಳುವಷ್ಟೇ ಹೊರಚಕ್ರಕ್ಕೂ ಸಿಗೋದು. ಆಕ್ಸಿಲರೇಟರ್ ಒತ್ತಿದರೆ ಒಳಚಕ್ರ ಸುಮ್ನೆ ಗಿರಗಿರ, ಕಾರಿನ ಮೂತಿ ಹೊರಕ್ಕೆ. ಸೆಲಿಕಾದ ಕಥೆ ಇದು. ನಮ್ಮ ಮನೆಗಳ ಸ್ವಿಫ್ಟ್‌ದೂ ಇದೇ! ನಂಜನಗೂಡು–ನರಸೀಪುರ ರಸ್ತೆಯಲ್ಲಿ ಆ 'ಹೊರಕ್ಕೆ' ಅಂದ್ರೆ ಎದುರು ಬರೋ ಕಬ್ಬಿನ ಟ್ರ್ಯಾಕ್ಟರ್.

ಇಂಟೆಗ್ರಾದಲ್ಲಿರೋದು ಹೆಲಿಕಲ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಒಳಚಕ್ರ ಜಾರತೊಡಗಿದರೆ ಗೇರುಗಳ ಘರ್ಷಣೆಯಿಂದ ಹಿಡಿತವಿರುವ ಹೊರಚಕ್ರಕ್ಕೆ ಹೆಚ್ಚು ಟಾರ್ಕ್ ಹೋಗುತ್ತೆ, ಅದು ಮೂತಿಯನ್ನ ಒಳಕ್ಕೆ ತಿರುಗಿಸುತ್ತೆ. (ಒಳಚಕ್ರ ಪೂರ್ತಿ ನೆಲ ಬಿಟ್ಟರೆ ಇದೂ ಕೈಕೊಡುತ್ತೆ.) ಜೊತೆಗೆ ಮುಂದೆ ಡಬಲ್ ವಿಶ್‌ಬೋನ್ ಇರೋದರಿಂದ ಕಾರು ವಾಲಿದಾಗಲೂ ಟಯರ್ ನೆಲಕ್ಕೆ ಚೆನ್ನಾಗಿ ಕೂರುತ್ತೆ, ಸೆಲಿಕಾದ ಮುಂದೆ ಇರೋದು ಸ್ಟ್ರಟ್.

ಹಾಗಾಗಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಚಿಕ್ಕ ಟ್ರ್ಯಾಕ್‌ಗೆ ನಮ್ಮ ಓಟು ಇಂಟೆಗ್ರಾಗೆ. ಸೆಲಿಕಾಗೂ ಅಂಥದ್ದೇ ಡಿಫರೆನ್ಷಿಯಲ್ ಹಾಕಿಸಿದರೆ ಅಂತರ ಕಮ್ಮಿಯಾಗುತ್ತೆ, ಸಸ್ಪೆನ್ಷನ್ ಮಾತ್ರ ಹಾಗೇ ಉಳಿಯುತ್ತೆ.