ನಿಮ್ಮ ವೆಬ್‌ಸೈಟ್‌ನಲ್ಲಿ ಯಾವ ಯಾವ ಪ್ಲಗಿನ್ ಇವೆ? ಫೋನಲ್ಲೇ ನೋಡ್ಕೊಳ್ಳೋದು ಹೀಗೆ

ಅರಸೀಕೆರೆ: ಬೇಲೂರು ಕಡೆಯ ಹೋಂಸ್ಟೇ ಮಾಲೀಕರೊಬ್ಬರು ಇತ್ತೀಚೆಗೆ ಫೋನ್ ಮಾಡಿದ್ದರು. ಗೂಗಲ್‌ನಲ್ಲಿ ಅವರ ಹೋಂಸ್ಟೇ ಹೆಸರು ಹುಡುಕಿ ಒತ್ತಿದರೆ ಜೂಜಿನ ಸೈಟ್ ತೆರೆದುಕೊಳ್ಳುತ್ತಿತ್ತು. ವಿಳಾಸ ನೇರವಾಗಿ ಟೈಪ್ ಮಾಡಿದರೆ ಮಾತ್ರ ಅವರದ್ದೇ ಸೈಟ್ ಬರುತ್ತಿತ್ತು. ಹಾಗಾಗಿ ಮಾಲೀಕರಿಗೆ ವಿಷಯ ಗೊತ್ತೇ ಆಗಿರಲಿಲ್ಲ. ರೂಮ್ ಹುಡುಕುತ್ತಿದ್ದ ಬೆಂಗಳೂರಿನ ಗ್ರಾಹಕರು ಹೇಳಿದ ಮೇಲೇ ತಿಳಿದದ್ದು. ಸೈಟ್ ಮಾಡಿಕೊಟ್ಟ ಹುಡುಗನ ನಂಬರ್ ಸ್ವಿಚ್ ಆಫ್. ಒಳಗೆ ನೋಡಿದರೆ ವರ್ಷಗಳಿಂದ ಅಪ್‌ಡೇಟ್ ಕಾಣದ ಪ್ಲಗಿನ್‌ಗಳು.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಹೊರಗಿನಿಂದ ಬರುವವರು ಮೊದಲು ನೋಡೋದು ಫೋನನ್ನೇ. ಲಾಡ್ಜ್ ಇರಲಿ, ಕೊಬ್ಬರಿ ವ್ಯಾಪಾರ ಇರಲಿ, ಸೈಟ್ ಮಾಡಿಸಿ ಮರೆತುಬಿಟ್ಟರೆ ಹೋಗೋದು ನಿಮ್ಮ ಹೆಸರೇ.

ಪ್ಲಗಿನ್ ಅಂದ್ರೆ ಏನು?

ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇ 40ಕ್ಕೂ ಹೆಚ್ಚು ನಡೆಯೋದು ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶದ ಮೇಲೆ. ಕಡಿಮೆ ಖರ್ಚಿನಲ್ಲಿ ಮಾಡಿಸಿದ ಸೈಟ್ ಆದರೆ ನಿಮ್ಮದೂ ಅದೇ ಇರಬಹುದು. ಅದಕ್ಕೆ ಬುಕಿಂಗ್ ಫಾರಂ, ಫೋಟೊ ಸ್ಲೈಡರ್, ವಾಟ್ಸಾಪ್ ಬಟನ್ ಬೇಕು ಅಂದ್ರೆ ಒಂದೊಂದಕ್ಕೂ ಬೇರೆ ಬೇರೆಯವರು ಬರೆದ ಪುಟ್ಟ ತಂತ್ರಾಂಶ ಸೇರಿಸುತ್ತಾರೆ. ಅದೇ ಪ್ಲಗಿನ್. ಅಂಗಡಿಗೆ ಇನ್ನೊಂದು ಬಾಗಿಲು ಇಟ್ಟ ಹಾಗೆ. ಬಾಗಿಲು ಹೆಚ್ಚಾದಷ್ಟೂ ಬೀಗ ನೋಡ್ಕೋಬೇಕು.

ನಮ್ಮಂಥ ಸಣ್ಣವರ ಸೈಟ್ ಯಾರು ಮುರೀತಾರೆ?

ಎಲ್ಲರೂ ಕೇಳೋ ಪ್ರಶ್ನೆ ಇದು. ಮುರಿಯೋರು ನಿಮ್ಮ ಹೆಸರು ನೋಡಿ ಬರಲ್ಲ. ಅವರ ಪ್ರೋಗ್ರಾಂಗಳು ಹಗಲೂ ರಾತ್ರಿ ಲಕ್ಷಾಂತರ ಸೈಟ್‌ಗಳಲ್ಲಿ ಇಂಥ ಪ್ಲಗಿನ್ ಇದೆಯಾ ಅಂತ ಹುಡುಕುತ್ತಿರುತ್ತವೆ. 2020ರ ಸೆಪ್ಟೆಂಬರ್‌ನಲ್ಲಿ ‘ಫೈಲ್ ಮ್ಯಾನೇಜರ್’ ಎಂಬ ಪ್ಲಗಿನ್‌ನಲ್ಲಿ ತೂತು ಸಿಕ್ಕಿತು. ಆಗ ಅದು 7 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿತ್ತು. ಪಾಸ್‌ವರ್ಡ್ ಇಲ್ಲದೆಯೇ ಯಾರು ಬೇಕಾದರೂ ಸೈಟ್ ಒಳಗೆ ತಮ್ಮ ಫೈಲ್ ಹಾಕಬಹುದಿತ್ತು. ಸರಿಪಡಿಸಿದ 6.9ನೇ ಆವೃತ್ತಿ ಬಂತು, ಆದರೆ ಅಪ್‌ಡೇಟ್ ಮಾಡದವರ ಬಾಗಿಲು ತೆರೆದೇ ಇತ್ತು. 2024ರ ಆಗಸ್ಟ್‌ನಲ್ಲಿ 50 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿದ್ದ ‘ಲೈಟ್‌ಸ್ಪೀಡ್ ಕ್ಯಾಶ್’ ಪ್ಲಗಿನ್‌ನಲ್ಲೂ ದೊಡ್ಡ ದೋಷ ಬಯಲಾಯಿತು. ಅದು ಸರಿಯಾದದ್ದು 6.4ನೇ ಆವೃತ್ತಿಯಲ್ಲಿ.

ನೋಡೋದು ಹೇಗೆ?

ಲಾಗಿನ್ ಇದ್ದರೆ: ಡ್ಯಾಶ್‌ಬೋರ್ಡ್‌ಗೆ ಹೋಗಿ ‘ಪ್ಲಗಿನ್ಸ್’ ಒತ್ತಿ. ಯಾವುದು ಆನ್, ಯಾವುದು ಆಫ್, ಯಾವುದಕ್ಕೆ ಅಪ್‌ಡೇಟ್ ಬಾಕಿ, ಎಲ್ಲಾ ಅಲ್ಲೇ ಇರುತ್ತೆ. ಇದೇ ನಂಬಬಹುದಾದ ಪಟ್ಟಿ.

ಲಾಗಿನ್ ಇಲ್ಲದಿದ್ದರೆ: ಕ್ರೋಮ್‌ನಲ್ಲಿ ನಿಮ್ಮ ಸೈಟ್ ವಿಳಾಸದ ಮುಂದೆ ಇಂಗ್ಲಿಷಿನಲ್ಲಿ ‘ವ್ಯೂ-ಸೋರ್ಸ್’ ಅಂತ ಬರೆದು (ನಡುವೆ ಅಡ್ಡಗೆರೆ), ಕೊನೆಗೆ ಎರಡು ಚುಕ್ಕಿ ಅಂದ್ರೆ ಕೋಲನ್ ಹಾಕಿ. ಕಂಪ್ಯೂಟರ್ ಆದರೆ ಕಂಟ್ರೋಲ್ ಜೊತೆ ಯು ಒತ್ತಿದರೆ ಸಾಕು. ಪುಟದ ಹಿಂದಿನ ಕೋಡ್ ಕಾಣುತ್ತೆ. ಗಾಬರಿ ಬೇಡ, ಅರ್ಥ ಆಗಬೇಕಿಲ್ಲ. ಅದರಲ್ಲಿ ಇಂಗ್ಲಿಷಿನ ‘ಪ್ಲಗಿನ್ಸ್’ ಪದ ಹುಡುಕಿ. ‘ಡಬ್ಲ್ಯುಪಿ-ಕಂಟೆಂಟ್/ಪ್ಲಗಿನ್ಸ್/’ ಆದಮೇಲೆ ಬರುವ ಪದವೇ ಪ್ಲಗಿನ್ ಹೆಸರು. ಬರೆದಿಟ್ಟುಕೊಳ್ಳಿ.

ಒಂದು ಮಾತು ನೆನಪಿರಲಿ. ಹೀಗೆ ಹೊರಗಿನಿಂದ ಎಲ್ಲಾ ಪ್ಲಗಿನ್ ಕಾಣಲ್ಲ. ಒಳಗಷ್ಟೇ ಕೆಲಸ ಮಾಡುವವು ಕೋಡ್‌ನಲ್ಲಿ ಬರಲ್ಲ. ಕಾಣದ ಮಾತ್ರಕ್ಕೆ ಇಲ್ಲ ಅಂದ್ಕೋಬೇಡಿ.

ಪಟ್ಟಿ ಸಿಕ್ಕ ಮೇಲೆ

ವರ್ಡ್‌ಪ್ರೆಸ್‌ನ ಅಧಿಕೃತ ತಾಣದಲ್ಲಿ ಪ್ಲಗಿನ್ ಹೆಸರು ಹುಡುಕಿ. ಕೊನೆಯ ಅಪ್‌ಡೇಟ್ ಯಾವಾಗ ಅಂತ ಅಲ್ಲಿರುತ್ತೆ. ಎರಡು ಮೂರು ವರ್ಷ ಹಿಂದಿನದಾದರೆ ಬೇರೆಯದು ನೋಡಿ. ಪ್ಲಗಿನ್ ಮುಚ್ಚಲಾಗಿದೆ ಅಂತ ಬಂದರೆ ತಕ್ಷಣ ತೆಗೆಸಿ.

ಬೇಡದ್ದನ್ನು ಆಫ್ ಮಾಡಿ ಸುಮ್ಮನಾಗಬೇಡಿ, ಪೂರ್ತಿ ಡಿಲೀಟ್ ಮಾಡಿಸಿ. ಆಫ್ ಮಾಡಿದರೂ ಫೈಲ್ ಸರ್ವರ್‌ನಲ್ಲೇ ಉಳಿಯುತ್ತೆ, ಮುರಿಯೋರು ಅದನ್ನೇ ನೇರವಾಗಿ ತಟ್ಟಬಹುದು. ಅಪ್‌ಡೇಟ್‌ಗೆ ಮೊದಲು ಬ್ಯಾಕಪ್ ತೆಗೆಸೋದು ಕಡ್ಡಾಯ. ದುಡ್ಡು ಕೊಟ್ಟು ತಗೋಬೇಕಾದ ಪ್ಲಗಿನ್ ಫುಕ್ಕಟೆ ಸಿಗ್ತು ಅಂತ ಹಾಕಿದ್ದರೆ ಅದನ್ನೂ ತೆಗೆಸಿ. ಅಂಥದ್ದರಲ್ಲಿ ಕಳ್ಳಬಾಗಿಲು ಸೇರಿಸಿರೋದು ಮಾಮೂಲು.

ಸೈಟ್ ಆಗಲೇ ಕೆಟ್ಟಿದ್ದರೆ ಬರೀ ಅಪ್‌ಡೇಟ್ ಮಾಡಿದರೆ ಸಾಲದು. ಒಳಗೆ ಸೇರಿಸಿದ ಫೈಲ್ ಹಾಗೇ ಇರುತ್ತೆ. ಗೊತ್ತಿರುವವರಿಂದ ಪೂರ್ತಿ ಶುಚಿ ಮಾಡಿಸಿ, ಎಲ್ಲಾ ಪಾಸ್‌ವರ್ಡ್ ಬದಲಿಸಿ. ಗ್ರಾಹಕರ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಹಾಸನದ ಸೆನ್ ಪೊಲೀಸ್ ಠಾಣೆಗೂ ದೂರು ಕೊಡಬಹುದು.

ಈ ಪರೀಕ್ಷೆ ನಿಮ್ಮ ಸೈಟ್‌ಗೆ ಮಾತ್ರ. ಪಕ್ಕದ ಅಂಗಡಿಯವರ ಸೈಟ್‌ನಲ್ಲಿ ತೂತಿದೆ ಅಂತ ಒಳಗೆ ನುಗ್ಗಿ ನೋಡಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ರಡಿ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಕೊನೇದಾಗಿ, ಇವತ್ತೇ ಸೈಟ್ ಮಾಡಿಕೊಟ್ಟವರಿಗೆ ಫೋನ್ ಮಾಡಿ ಮೂರು ಕೇಳಿ: ಡೊಮೈನ್ ಯಾರ ಹೆಸರಲ್ಲಿದೆ, ಹೋಸ್ಟಿಂಗ್ ಪಾಸ್‌ವರ್ಡ್ ಏನು, ಅಡ್ಮಿನ್ ಲಾಗಿನ್ ಏನು. ಬೇಲೂರಿನ ಮಾಲೀಕರ ಹತ್ತಿರ ಈ ಮೂರೂ ಇರಲಿಲ್ಲ. ಅಂಗಡಿ ಬೀಗದ ಕೈ ಬೇರೆಯವರ ಹತ್ತಿರ ಬಿಟ್ಟು ಮನೆಗೆ ಹೋಗ್ತೀವಾ?