ಬಡಗಿ ಮಾಡಿಕೊಟ್ಟ ಕೇರಂ ಬೋರ್ಡು

ಕ್ರಿಕೆಟ್ಟಿಗೆ ಮೈದಾನ ಬೇಕು, ಷಟಲ್‌ಗೆ ನೆಟ್ಟು ಬೇಕು. ಕೇರಂಗೆ ಮಾತ್ರ ಮೂರಡಿ ಜಾಗ, ನಾಲ್ಕು ಜನ, ತಲೆಯ ಮೇಲೊಂದು ಬಲ್ಬು ಇದ್ದರಾಯಿತು. ಕೋಲಾರ ತಾಲ್ಲೂಕಿನ ವೇಮಗಲ್‌ನಂಥ ಹೋಬಳಿ ಊರುಗಳಲ್ಲಿ ಈ ಆಟ ಬೇರು ಬಿಟ್ಟಿದ್ದು ಹೀಗೆಯೇ. ಅಂಗಡಿಯ ಬೋರ್ಡು ದುಬಾರಿ ಎನಿಸಿದರೆ ಚಿಂತೆಯಿಲ್ಲ. ಊರಿನ ಬಡಗಿಗೆ ಒಂದು ಪ್ಲೈವುಡ್ ಹಲಗೆ, ನಾಲ್ಕು ಮರದ ಪಟ್ಟಿ ತಂದುಕೊಟ್ಟರೆ ಕೆಲಸ ಮುಗಿಯಿತು.

ಮುಗಿಯಿತು ಎನ್ನುವುದು ಸುಲಭ. ಕಿಟಕಿ ಚೌಕಟ್ಟಿನಲ್ಲಿ ನೂಲಿನಷ್ಟು ವ್ಯತ್ಯಾಸವಾದರೆ ಯಾರೂ ಕೇಳುವುದಿಲ್ಲ. ಬೋರ್ಡಿನಲ್ಲಾದರೆ ಮೊದಲ ಆಟದಲ್ಲೇ ಬಯಲಾಗುತ್ತದೆ. ಅಧಿಕೃತ ಬೋರ್ಡಿನ ಆಟದ ಜಾಗ ಸುಮಾರು 74 ಸೆಂ.ಮೀ. ಚೌಕ. ನಾಲ್ಕೂ ಬದಿ ಸಮವಾಗಿದ್ದ ಮಾತ್ರಕ್ಕೆ ಅದು ಚೌಕವಾಗುವುದಿಲ್ಲ, ಸೊಟ್ಟಗೆ ವಾಲಿರಬಹುದು. ಇದಕ್ಕೆ ಬಡಗಿಯ ಪರೀಕ್ಷೆ ಒಂದು ದಾರ. ಮೂಲೆಯಿಂದ ಎದುರು ಮೂಲೆಗೆ ಹಿಡಿದ ದಾರವನ್ನೇ ಉಳಿದೆರಡು ಮೂಲೆಗಳಿಗೆ ಹಿಡಿಯಬೇಕು. ಎರಡೂ ಕಡೆ 104 ಸೆಂ.ಮೀ. ಆರೂವರೆ ಮಿ.ಮೀ. ಬಂದರೆ ಬೋರ್ಡು ನೇರ. ಬರದಿದ್ದರೆ? ಪಟ್ಟಿಗೆ ಹೊಡೆದು ತಿರುಗಿ ಬರುವ ಸ್ಟ್ರೈಕರ್ ನಿಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. ಬಿದ್ದ ಕೋನದಲ್ಲೇ ಪುಟಿಯಬೇಕೆಂಬ ಶಾಲೆಯ ಪಾಠ ಇಲ್ಲಿ ಬೆರಳಿನ ತುದಿಗೆ ಬಂದಿರುತ್ತದೆ.

ಪಟ್ಟಿಯ ಮರ ಗಟ್ಟಿಯಾಗಿರಬೇಕು, ಮೆದು ಮರ ಏಟನ್ನು ನುಂಗಿಬಿಡುತ್ತದೆ. ಹಲಗೆ ತೆಳುವಾದರೆ ಒಂದು ಮಳೆಗಾಲಕ್ಕೆ ನಡು ಬಾಗಿ, ಕಾಯಿನ್‌ಗಳೆಲ್ಲ ತಾವಾಗಿಯೇ ಮಧ್ಯಕ್ಕೆ ಜಾರತೊಡಗುತ್ತವೆ. ಪಂದ್ಯಗಳ ಬೋರ್ಡಿಗೆ ಕನಿಷ್ಠ 8 ಮಿ.ಮೀ. ದಪ್ಪದ ಹಲಗೆ ಬೇಕೆಂಬ ನಿಯಮ ಇರುವುದು ಸುಮ್ಮನೆ ಅಲ್ಲ.

ಇನ್ನು ಮೂಲೆಯ ತೂತುಗಳು. ನಿಯಮದ ಪ್ರಕಾರ ತೂತಿನ ಅಗಲ 4.45 ಸೆಂ.ಮೀ., ಸ್ಟ್ರೈಕರ್ ಹೆಚ್ಚೆಂದರೆ 4.13 ಸೆಂ.ಮೀ. ಅಂದರೆ ಎರಡರ ನಡುವೆ ಉಳಿಯುವುದು ಮೂರು ಮಿ.ಮೀ.ಗಿಂತ ತುಸು ಹೆಚ್ಚು ಅಷ್ಟೆ! ಯಾವುದೋ ಡಬ್ಬಿಯ ಮುಚ್ಚಳ ಇಟ್ಟು ಗೆರೆ ಎಳೆದು ಕೊರೆದ ತೂತು ಇದಕ್ಕಿಂತ ದೊಡ್ಡದಾದರೆ ಆಟ ಸಲೀಸಾಗುತ್ತದೆ. ಊರ ಬೋರ್ಡಿನಲ್ಲಿ ಎಲ್ಲರನ್ನೂ ಸೋಲಿಸಿದ ಹುಡುಗ ಟೂರ್ನಮೆಂಟಿಗೆ ಹೋಗಿ ಪೆಚ್ಚುಮೋರೆ ಹಾಕಿಕೊಂಡು ಬಂದರೆ, ತಪ್ಪು ಪೂರ್ತಿ ಅವನದಲ್ಲ.

ಪುಡಿಯದು ಬೇರೆಯೇ ಕಥೆ. ಬೋರಿಕ್ ಪುಡಿಯ ಹರಳುಗಳು ಪದರ ಪದರವಾಗಿದ್ದು, ಒಂದರ ಮೇಲೊಂದು ಜಾರುತ್ತವೆ. ಸ್ಟ್ರೈಕರ್ ಓಡುವುದು ಈ ಪದರಗಳ ಮೇಲೆ. ಅದೇ ಪುಡಿಯನ್ನು ಮನೆಗಳಲ್ಲಿ ಜಿರಳೆ ಕೊಲ್ಲಲೂ ಹಾಕುತ್ತಾರೆ. ಆಟ ಆಡಿದ ಕೈಯಲ್ಲೇ ಮಕ್ಕಳು ಕಡಲೆಪುರಿ ತಿನ್ನುವುದನ್ನು ಕಂಡಾಗ ಇದನ್ನು ನೆನಪು ಮಾಡಿಕೊಟ್ಟರೆ ಒಳ್ಳೆಯದು.

ಗಲ್ಲಿಯ ಲೆಕ್ಕವೂ ಅಧಿಕೃತ ಲೆಕ್ಕವೂ ಒಂದೇ ಅಲ್ಲ. ಗಲ್ಲಿಯಲ್ಲಿ ಕಪ್ಪಿಗೆ 10, ಬಿಳಿಗೆ 20, ರೆಡ್‌ಗೆ 50. ಒಂಬತ್ತು ಕಪ್ಪು, ಒಂಬತ್ತು ಬಿಳಿ, ಒಂದು ರೆಡ್ ಸೇರಿ 320. ಪಂದ್ಯದಲ್ಲಿ ಕಪ್ಪು ಬಿಳುಪಿನ ಭೇದವಿಲ್ಲ, ಎರಡಕ್ಕೂ ಒಂದೊಂದೇ ಅಂಕ, ರಾಣಿಗೆ ಮೂರು. ರೆಡ್ ಬಿದ್ದ ಮೇಲೆ ಇನ್ನೊಂದು ಕಾಯಿನ್ ಹಾಕಿ 'ಫಾಲೋ' ಕೊಡಬೇಕೆಂಬುದು ಮಾತ್ರ ಎರಡೂ ಕಡೆ ಒಂದೇ.

ಅಖಿಲ ಭಾರತ ಕೇರಂ ಫೆಡರೇಷನ್ 1956ರಲ್ಲಿ, ಅಂತರರಾಷ್ಟ್ರೀಯ ಫೆಡರೇಷನ್ 1988ರಲ್ಲಿ ಹುಟ್ಟಿದವು. ಎರಡೂ ಹುಟ್ಟಿದ್ದು ಮದ್ರಾಸಿನಲ್ಲಿ. ಅದೇ ನಗರದ ಮರಿಯಾ ಇರುದಯಂ ಅವರಿಗೆ 1996ರ ಅರ್ಜುನ ಪ್ರಶಸ್ತಿ ಬಂತು. ಆದರೂ ನಮ್ಮ ಊರುಗಳಲ್ಲಿ ಕೇರಂಗೆ ಅಂಟಿದ 'ಪೋಲಿಗಳ ಆಟ' ಎಂಬ ಹೆಸರು ಹೋಗಿಲ್ಲ. ಬೋರ್ಡು ಇರುವುದು ಅಂಗಡಿ ಮುಂದೆ, ಪಣಕ್ಕೆ ಟೀ, ಕೆಲವೊಮ್ಮೆ ದುಡ್ಡು. ಹೆಸರು ಕೆಡಲು ಅಷ್ಟು ಸಾಕು.

ಇದರಿಂದ ನಿಜವಾಗಿ ನಷ್ಟವಾದದ್ದು ಹೆಣ್ಣುಮಕ್ಕಳಿಗೆ. ಶಕ್ತಿಗಿಂತ ಗುರಿ ದೊಡ್ಡದಾದ ಆಟ ಇದು. ಹುಡುಗ ಹುಡುಗಿ ಎದುರುಬದುರು ಕೂತು ಆಡಬಹುದು. ಆದರೆ ಅಂಗಡಿ ಕಟ್ಟೆಯಲ್ಲಿ ಅವರು ಕೂರುವಂತಿಲ್ಲ. ಚೆನ್ನೈನ ಆಟೋ ಚಾಲಕರ ಮಗಳು ಖಾಜಿಮಾ 2024ರಲ್ಲಿ ಅಮೆರಿಕದಲ್ಲಿ ನಡೆದ ವಿಶ್ವಕಪ್‌ನಲ್ಲಿ ಮೂರು ಚಿನ್ನ ಗೆದ್ದರು. ಅವರಿಗೆ ಆಟ ಕಲಿಸಿದ್ದು ತಂದೆಯೇ. ಮನೆಯೊಳಗೇ ಗುರು ಸಿಗುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

ಈಗ ಕೇರಂ ಮೊಬೈಲಿಗೂ ಬಂದಿದೆ. ಅಲ್ಲಿ ಬೋರ್ಡು ಬಾಗುವುದಿಲ್ಲ, ಪುಡಿ ಬೇಡ, ಸ್ಟ್ರೈಕರ್ ಎತ್ತ ಹೋಗುತ್ತದೆಂದು ಗೆರೆಯೇ ತೋರಿಸುತ್ತದೆ. ಹುಡುಗಿಯರು ಯಾರ ಅಪ್ಪಣೆಯೂ ಇಲ್ಲದೆ ಆಡಬಹುದು, ಅದೊಂದು ಲಾಭ. ಆದರೆ ಆ ಗೆರೆಯನ್ನು ಮನಸ್ಸಿನಲ್ಲೇ ಎಳೆದುಕೊಳ್ಳುವುದು ಕಲಿಯಬೇಕೆಂದರೆ ಮರದ ಬೋರ್ಡೇ ಬೇಕು. ವೇಮಗಲ್‌ನ ಪಂಚಾಯಿತಿ ಗ್ರಂಥಾಲಯದಲ್ಲೋ ಶಾಲೆಯ ಜಗುಲಿಯಲ್ಲೋ ಅಂಥದ್ದೊಂದನ್ನು ಇಟ್ಟರೆ ಖರ್ಚು ಒಂದು ಹಲಗೆ, ನಾಲ್ಕು ಪಟ್ಟಿ ಮತ್ತು ಬಡಗಿಯ ಒಂದು ದಿನದ ಕೂಲಿ.